ಇಳಿಜಾರು ಉತ್ತವರು ಯಾರು?

"ಮೇಡಂ, ಮಣ್ಣಲ್ಲಿ ಕೂತು ಬಟ್ಟೆ ಯಾಕೆ ಹಾಳು ಮಾಡ್ಕೋತೀರಿ? ಉತ್ತರ ಇಲ್ಲೇ ಇದೆ," ಎಂದು ಆಕಾಶ ಸಾಹೇಬ ತನ್ನ ಟ್ಯಾಬ್ ಎತ್ತಿ ತೋರಿಸಿದ.

ನಾನು ತಲೆ ಎತ್ತಲಿಲ್ಲ. ಎತ್ತಿದರೆ ಅವನ ಬಿಳಿ ಷೂ ಕಣ್ಣಿಗೆ ಬೀಳುತ್ತಿತ್ತು. ಬಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ.

ಕೃಷಿ ಇಲಾಖೆಯ ಈ ತಪಾಸಣಾಧಿಕಾರಿಗೆ ಆಕಾಶ ಸಾಹೇಬ ಅಂತ ಹೆಸರಿಟ್ಟವಳು ನಾನೇ. ಉಪಗ್ರಹದ ಫೋಟೋ ನೋಡಿ ಯಾರ ಹೊಲದಲ್ಲಿ ಏನಿದೆ ಎಂದು ಕಾರಲ್ಲೇ ಕೂತು ಹೇಳುತ್ತಾನೆ. ಅವನು ಬಂದರೆ ಕುರ್ಚಿ ಬರುತ್ತದೆ, ತಣ್ಣಗಿನ ನೀರು ಬರುತ್ತದೆ. ಪೊಲೀಸ್ ಕೆಲಸದಲ್ಲಿ ಆಯುಷ್ಯ ಸವೆಸಿ, ಈಗ ಸ್ವಂತ ಪತ್ತೇದಾರಿಕೆ ಮಾಡಿಕೊಂಡಿರುವ ನಾನು ಬಂದರೆ, "ಇವ್ರು ಯಾಕೆ ಬಂದ್ರು?" ಅನ್ನುವ ಮುಖಗಳು ಬರುತ್ತವೆ. ಹೊಟ್ಟೆ ಉರಿಯುತ್ತದೆಯೇ ಎಂದು ಕೇಳಬೇಡಿ. ಉರಿಯುತ್ತದೆ.

"ಏನಂತೆ ಉತ್ತರ?" ಎಂದೆ.

"ಟೈರಿನ ಗುರುತು ತಮ್ಮನ ಟ್ರ್ಯಾಕ್ಟರಿಂದು. ಜಾಗ ಅಣ್ಣಂದು. ಅಣ್ಣನ್ನ ಕಂಡ್ರೆ ತಮ್ಮನಿಗೆ ಆಗಲ್ಲ. ಇನ್ನೇನು ಬೇಕು? ಸಂಜೆ ವರದಿ ಬರೆದು ಮುಗಿಸ್ತೀನಿ."

ಭಾನುವಾರ ಎರಡೂ ಮನೆಯವರು ಪಕ್ಕದ ಪಟ್ಟಣಕ್ಕೆ ಮದುವೆಗೆ ಹೋಗಿದ್ದಾಗ, ಅಣ್ಣನ ಹುಲ್ಲುಗಾವಲನ್ನು ಯಾರೋ ಉತ್ತುಹಾಕಿದ್ದರು. ಯಾರೆಂದು ಪತ್ತೆ ಮಾಡಿ ಎಂದು ಅಣ್ಣನ ಹೆಂಡತಿ ನನ್ನನ್ನು ಕರೆಸಿದ್ದಳು.

ಹೊಲ ಉಳುವುದು ಅಪರಾಧವೇ ಎಂದು ನೀವು ನಗಬಹುದು. ಮೊದಲು ನಾನೂ ನಕ್ಕಿದ್ದೆ.

ಹಿಂದೆ ಸರ್ಕಾರ ಹಾಲಿಗೆ ಲೀಟರಿನ ಲೆಕ್ಕದಲ್ಲಿ ಸಹಾಯಧನ ಕೊಡುತ್ತಿತ್ತು. ಹೆಚ್ಚು ಕರೆದವನಿಗೆ ಹೆಚ್ಚು ದುಡ್ಡು. ಆಸ್ತಿ ಪಾಲಾದಾಗ ತಮ್ಮ ಸಮತಟ್ಟು ನೆಲವನ್ನೂ ಹಸುವಿನ ಕೊಟ್ಟಿಗೆಯನ್ನೂ ಕೇಳಿ ತೆಗೆದುಕೊಂಡ. ಯಾರಿಗೂ ಬೇಡವಾದ ಇಳಿಜಾರು ಅಣ್ಣನ ಪಾಲಿಗೆ ಬಂತು. ಆಮೇಲೆ ನೀತಿ ಬದಲಾಯಿತು. ಹಾಲಿನ ಸಹಾಯಧನ ನಿಂತಿತು. ಇಳಿಜಾರಿನ ಮಣ್ಣು ಕೊಚ್ಚಿಹೋಗಿ ಅಣೆಕಟ್ಟು ತುಂಬುತ್ತಿದೆ, ಅದಕ್ಕೆ ಅಂಥ ನೆಲವನ್ನು ಉಳದೆ ಹುಲ್ಲು ಬಿಟ್ಟವನಿಗೆ ಎಕರೆ ಲೆಕ್ಕದಲ್ಲಿ ಹಣ ಎಂದರು.

ಒಂದೇ ಅಂಗಳದಲ್ಲಿ ಎರಡು ಮನೆ. ಒಂದು ಮನೆಯಲ್ಲಿ ದುಡಿದು ದುಡಿದು ನಷ್ಟ, ಇನ್ನೊಂದರಲ್ಲಿ ಕೈಕಟ್ಟಿ ಕೂತರೆ ಲಾಭ. ಬೆಂಕಿ ಹಚ್ಚಲು ಬೇರೆ ಕಡ್ಡಿ ಬೇಕೆ?

ಷರತ್ತು ಮಾತ್ರ ಕಠಿಣ. ಒಪ್ಪಂದ ಮುಗಿಯುವ ಮೊದಲು ಮಾಲೀಕ ತಾನೇ ಉತ್ತರೆ ಇದುವರೆಗೆ ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕು. ಅಷ್ಟು ಹಣ ಕಟ್ಟಲು ಅಣ್ಣನ ಮನೆಯನ್ನೇ ಮಾರಬೇಕು. ಬೇರೆ ಯಾರೋ ಹಾಳುಮಾಡಿದ್ದು ಎಂದು ಸಾಬೀತಾದರೆ ಎಲ್ಲ ಮಾಫಿ, ಒಪ್ಪಂದವೂ ಮುಂದುವರಿಯುತ್ತದೆ; ಹಾಳುಮಾಡಿದವನಿಗೆ ಒಂದಿಷ್ಟು ದಂಡ. ಅಂದರೆ ಉತ್ತವನು ತಮ್ಮನೋ ಹೊರಗಿನವನೋ ಆದರೆ ಮನೆ ಉಳಿಯುತ್ತದೆ, ಅಣ್ಣನ ಮನೆಯವನೇ ಆದರೆ ಹೋಗುತ್ತದೆ. ಅದನ್ನು ತೀರ್ಮಾನಿಸುವುದು ಸಂಜೆಯ ವರದಿ.

ಸಾಹೇಬ ಫೋನು ಕಿವಿಗಿಟ್ಟುಕೊಂಡು ಕಾರಿನತ್ತ ಹೋದ. ನಾನು ಸಾಲುಗಳನ್ನು ನೋಡುತ್ತ ಮೇಲೇರಿದೆ.

ಹಾಳುಮಾಡಲು ಬಂದವನು ಹೇಗೆ ಉಳುತ್ತಾನೆ? ಅವಸರವಾಗಿ, ಮೇಲಿಂದ ಕೆಳಕ್ಕೆ, ಬಾಯಿಗೆ ಬಂದಂತೆ ಬೈದ ಹಾಗೆ. ಇಲ್ಲಿ ಹಾಗಿರಲಿಲ್ಲ. ಸಾಲುಗಳೆಲ್ಲ ಇಳಿಜಾರಿಗೆ ಅಡ್ಡವಾಗಿದ್ದವು. ಮಳೆ ಬಂದರೂ ಹಿಡಿ ಮಣ್ಣು ಕೆಳಗೆ ಹೋಗದ ಹಾಗೆ. ತಿರುವುಗಳಲ್ಲಿ ನೇಗಿಲನ್ನು ಎತ್ತಿ ಇಳಿಸಿದ್ದು ಎಷ್ಟು ಒಪ್ಪವಾಗಿತ್ತೆಂದರೆ, ಇದನ್ನು ಮಾಡಿದವನು ಕೆಲಸ ಮುಗಿಸಿ ನಿಂತು ಒಮ್ಮೆ ಹಿಂದೆ ನೋಡಿರಬೇಕು ಅನಿಸಿತು.

ನಡುನಡುವೆ ಅಲ್ಲಲ್ಲಿ ಹುಲ್ಲಿನ ತುಂಡುಗಳು ಹಾಗೇ ಉಳಿದಿದ್ದವು. ಸಾಹೇಬನ ಫೋಟೋದಲ್ಲೂ ಅವು ಚುಕ್ಕೆಗಳಾಗಿ ಕಂಡಿದ್ದವು. "ಅವಸರದಲ್ಲಿ ಬಿಟ್ಟಿದ್ದಾನೆ," ಎಂದಿದ್ದ. ನಾನು ಒಂದು ತುಂಡಿನ ಹುಲ್ಲನ್ನು ಸರಿಸಿ ನೋಡಿದೆ. ನೆಲದ ಮೇಲೆ ಹಕ್ಕಿಯ ಗೂಡು, ಒಳಗೆ ಚುಕ್ಕೆಚುಕ್ಕೆಯ ಮೊಟ್ಟೆ. ಇನ್ನೊಂದು ತುಂಡು, ಇನ್ನೊಂದು ಗೂಡು. ಮೂರನೆಯದರಿಂದ ತಾಯಿಹಕ್ಕಿ ಎದ್ದು ನನ್ನ ಮೂಗಿನ ಮೇಲೇ ಹಾರಿಹೋಯಿತು.

ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಮೊಣಕಾಲುದ್ದದ ಹುಲ್ಲಿನೊಳಗಿನ ಗೂಡು ಕಾಣುವುದಿಲ್ಲ. ಎಲ್ಲೆಲ್ಲಿವೆ ಎಂದು ಮೊದಲೇ ಗೊತ್ತಿರಬೇಕು. ದಿನಾ ಇಲ್ಲಿ ಅಡ್ಡಾಡಿದವನಿಗೆ ಮಾತ್ರ ಅದು ಗೊತ್ತು.

ಇದನ್ನು ಸಾಹೇಬನಿಗೆ ಹೇಳಲಿಲ್ಲ. ಯಾಕೆ ಹೇಳಲಿ? ಅವನ ಉಪಗ್ರಹವೇ ಹೇಳಲಿ.

*

ಕೊಟ್ಟಿಗೆಯಲ್ಲಿ ತಮ್ಮ, ಅಂದರೆ ಚಿಕ್ಕವನು, ಹಾಲು ಕರೆಯುವ ಯಂತ್ರದ ಕೊಳವೆ ತೊಳೆಯುತ್ತಿದ್ದ. ಅರ್ಧ ಕೊಟ್ಟಿಗೆ ಖಾಲಿ. ಹಸು ಮಾರಿದ ಕಡೆಯ ಗೂಟಗಳು ಮಾತ್ರ ನಿಂತಿದ್ದವು.

"ಬನ್ನಿ. ಕೈಗೆ ಕೋಳ ತಂದಿದ್ದೀರಾ, ಇಲ್ಲ ನಾನೇ ತರಿಸ್ಲಾ?" ಎಂದ.

"ಮೊದಲು ಮಾತಾಡೋಣ. ಅಣ್ಣನ್ನ ಕಂಡ್ರೆ ನಿಮಗೆ ಆಗಲ್ವಂತೆ."

"ಯಾರು ಹೇಳಿದ್ದು ಆಗಲ್ಲ ಅಂತ? ಉರಿಯುತ್ತೆ ಅಷ್ಟೆ." ಅವನು ಕೊಳವೆ ಕೊಡವಿದ. "ಬೆಳಗಾದ್ರೆ ನಾನು ಸಗಣಿ ಬಾಚ್ತೀನಿ, ಅವನು ಅಂಗಳದಲ್ಲಿ ಕಾಫಿ ಲೋಟ ಹಿಡ್ಕೊಂಡು ನಿಂತ್ಕೋತಾನೆ. ಹಾಲಿನ ರೇಟು ಬಿತ್ತು, ಮೇವಿನ ರೇಟು ಏರ್ತು. ಅವನಿಗೆ ಹುಲ್ಲು ಬೆಳ್ಯೋದಕ್ಕೆ ದುಡ್ಡು! ಹುಲ್ಲು ತಾನೇ ಬೆಳ್ಯಲ್ವಾ ಮೇಡಂ? ಯಾರಾದ್ರೂ ಅದಕ್ಕೆ ಹೇಳಿಕೊಡ್ಬೇಕಾ?"

ಅವನ ಹೆಂಡತಿ ಬಕೆಟ್ ಹಿಡಿದು ಬಂದವಳು ನಿಂತೇ ಹೇಳಿದಳು: "ಹೊಸ ಫ್ರಿಜ್ ಬಂತು ಆ ಮನೆಗೆ. ನಮ್ಮಕ್ಕ ಬಾಗಿಲು ತೆಗ್ದು ತೆಗ್ದು ತೋರ್ಸಿದ್ಲು. ಒಳಗಡೆ ಲೈಟ್ ಉರಿಯುತ್ತಂತೆ. ನನಗೂ ಉರೀತು."

ಓರಗಿತ್ತಿಯರು ಮಾತು ಬಿಟ್ಟದ್ದು ಆ ಫ್ರಿಜ್ಜಿನ ದಿನದಿಂದಲೇ ಎಂದು ಆಮೇಲೆ ತಿಳಿಯಿತು.

"ಟ್ರ್ಯಾಕ್ಟರ್ ಕೀಲಿ ಎಲ್ಲಿರುತ್ತೆ?" ಎಂದೆ.

"ಅಂಗಳದ ಗೋಡೆ ಮೇಲೆ, ಮೊಳೆಗೆ. ಅಪ್ಪ ಇದ್ದಾಗಿಂದ ಅಲ್ಲೇ. ಅಣ್ಣ ತನ್ನ ಟ್ರ್ಯಾಕ್ಟರ್ ಮಾರಿದ್ಮೇಲೆ ಬೇಕಾದಾಗ ತಗೊಂಡು ಹೋಗ್ಲಿ ಅಂತ ನಾನೂ ತೆಗೀಲಿಲ್ಲ."

"ಭಾನುವಾರ ಮದುವೆಯಿಂದ ಮಧ್ಯೆ ಎದ್ದು ಬಂದಿದ್ದಿರಾ?"

"ಆ ಜನಜಂಗುಳಿಯಲ್ಲಿ ಯಾರು ಎದ್ರು, ಯಾರು ಕೂತ್ರು, ದೇವರಿಗೂ ಗೊತ್ತಾಗಲ್ಲ. ನಾನಂತೂ ಊಟದ ಪಂಕ್ತಿಯಲ್ಲೇ ಇದ್ದೆ. ಸಾಕ್ಷಿ ಕೇಳ್ಬೇಡಿ. ಪಕ್ಕದಲ್ಲಿದ್ದೋರು ಎಲೆ ನೋಡ್ತಿದ್ರು, ನನ್ನನ್ನಲ್ಲ."

"ಇಳಿಜಾರಲ್ಲಿ ಹಕ್ಕಿಗೂಡು ಇದೆಯಾ?"

ಅವನು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. "ನನಗೆ ಹಕ್ಕಿ ನೋಡೋಕೆ ಎಲ್ಲಿ ಪುರುಸೊತ್ತು?"

ಹೊರಗೆ ಬಂದು ಅವನ ಹೊಲದ ಬದುವಿನ ಮೇಲೆ ನಿಂತೆ. ಮೇವಿನ ಜೋಳಕ್ಕೆ ಉತ್ತಿದ್ದ. ಸಾಲು ಅಲ್ಲಲ್ಲಿ ಹಾವಿನಂತೆ ತಿರುಗಿತ್ತು. ಹಸು ಕಾಯುವವನ ಉಳುಮೆ ಅದು, ಬೇಗ ಮುಗಿಸಿ ಕೊಟ್ಟಿಗೆಗೆ ಓಡಬೇಕು. ಇಳಿಜಾರನ್ನು ಉತ್ತ ಕೈ ಇದಲ್ಲ.

*

ದೊಡ್ಡವನ ಕೋಣೆ ಅಚ್ಚುಕಟ್ಟಾಗಿತ್ತು. ಹೊಸ ಪರದೆ, ಹೊಸ ಕುರ್ಚಿ. ಕುರ್ಚಿಯಲ್ಲಿ ಕೂತವನು ಮಾತ್ರ ಬಾಡಿಗೆಗೆ ಬಂದವನ ಹಾಗಿದ್ದ.

ನಾನು ಬಾಗಿಲು ಮುಂದೆ ಮಾಡಿದೆ.

"ನಿಮ್ಮ ತಮ್ಮನ ಮೇಲೆ ಕೇಸ್ ಹಾಕ್ತಾರೆ ಇವತ್ತು," ಎಂದೆ.

"ಹಾಕ್ಲಿ."

"ಅವನು ಗೂಡು ತಪ್ಪಿಸಿ ಉತ್ತಿದ್ದಾನೆ. ಒಂದೇ ಒಂದು ಮೊಟ್ಟೆ ಒಡೆದಿಲ್ಲ. ಒಳ್ಳೇ ಮನುಷ್ಯ."

ದೊಡ್ಡವನ ತುಟಿ ಅಲುಗಿತು.

"ಮೂಲೆಗಳನ್ನೂ ಎಷ್ಟು ಚೆನ್ನಾಗಿ ತಿರುಗಿಸಿದ್ದಾನೆ! ಇಷ್ಟು ಚೆಂದ ಉಳೋ ಕೈ ಚಿಕ್ಕವನಿಗೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಈ ಊರಲ್ಲಿ ಅವನಷ್ಟು..."

"ಅವನಿಗಾ?" ದೊಡ್ಡವನು ಎದ್ದು ನಿಂತ. "ಅವನಿಗೆ ನೇಗಿಲು ಎತ್ತೋಕೇ ಬರಲ್ಲ! ಅಪ್ಪ ಅವನ ಸಾಲು ನೋಡಿ ಊಟ ಬಿಟ್ಟು ಎದ್ದುಹೋಗ್ತಿದ್ರು! ಅವನಿಗೆ..."

ಅಲ್ಲಿಗೆ ನಿಂತ. ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

"ಕೂತ್ಕೊಳ್ಳಿ," ಎಂದೆ.

ಅವನು ಕೂರಲಿಲ್ಲ. ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದ. ಮೆತ್ತಗಿದ್ದವು, ಹೊಸದಾಗಿ ಎದ್ದ ಬೊಬ್ಬೆಗಳು ಮಾತ್ರ ಕೆಂಪಗಿದ್ದವು.

"ನೋಡಿ. ಭಾನುವಾರದ ಬೊಬ್ಬೆ. ಎಷ್ಟು ವರ್ಷ ಆಗಿತ್ತು ಗೊತ್ತಾ ಕೈಯಲ್ಲಿ ಬೊಬ್ಬೆ ಬಂದು?" ಕೈ ಕೆಳಗಿಳಿಸಿದ. "ಜನ ನನ್ನ ಹುಲ್ಲು ಸಾಹುಕಾರ ಅಂತಾರೆ. ಮದುವೆ ಮನೆಯಲ್ಲಿ ಒಬ್ಬ ಮುದುಕ ತಮ್ಮನ್ನ ತೋರ್ಸಿ, 'ಇವನು ರೈತ' ಅಂದ. ನನ್ನ ತೋರ್ಸಿ, 'ಇವನು ರೈತನ ಅಣ್ಣ' ಅಂದ. ನಕ್ರು ಎಲ್ಲಾ. ಅವನೂ ನಕ್ಕ. ಮೈಯೆಲ್ಲ ಸಗಣಿ ವಾಸನೆ ಹೊಡೀತಾ ನಕ್ಕ. ನನಗೆ ಆ ವಾಸನೆ ಮೇಲೂ ಹೊಟ್ಟೆಕಿಚ್ಚಾಯ್ತು ಮೇಡಂ. ಎದ್ದು ಬಂದೆ. ಮೊಳೆ ಮೇಲೆ ಕೀಲಿ ಇತ್ತು."

"ಮನೆ ಹೋಗುತ್ತೆ ಅಂತ ಗೊತ್ತಿತ್ತಲ್ಲ?"

"ಉಳೋವಾಗ ಗೊತ್ತಿರಲಿಲ್ಲ. ಮುಗಿಸಿ ಕೆಳಗಿಳಿದ್ಮೇಲೆ ಗೊತ್ತಾಯ್ತು."

ಬಾಗಿಲು ತಳ್ಳಿಕೊಂಡು ಅವನ ಹೆಂಡತಿ ಒಳಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಕರೆಸಿದ ಮೇಲೆ ಅವಳಿಗೂ ಗೊತ್ತಾಗಿತ್ತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

"ಮೇಡಂ, ನಿಮ್ಮನ್ನ ಕರೆಸಿದ್ದು ನಾನು," ಎಂದಳು ಮೆಲ್ಲಗೆ. "ಉತ್ತವರನ್ನ ಹುಡುಕಿ ಅಂದಿದ್ದೆ. ಇವರನ್ನ ಹುಡುಕಿ ಅಂದಿರಲಿಲ್ಲ. ಸಂಜೆ ಒಂದೇ ಒಂದು ಸಲ ಬಾಯಿ ಮುಚ್ಕೊಂಡಿರಿ. ಉಳಿದಿದ್ದು ನಾನು ನೋಡ್ಕೋತೀನಿ."

*

ಸಂಜೆ ಅಂಗಳದಲ್ಲಿ ಸಾಹೇಬನಿಗೆ ಕುರ್ಚಿ ಬಂತು. ನೀರೂ ಬಂತು. ನಾನು ಕಂಬಕ್ಕೆ ಒರಗಿ ನಿಂತೆ.

ಸಾಹೇಬ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಚಿಕ್ಕವನು ಮುಂದೆ ಬಂದ.

"ಬರ್ಕೊಳ್ಳಿ ಸಾಹೇಬ್ರೇ. ಉತ್ತಿದ್ದು ನಾನೇ. ಹೊಟ್ಟೆಕಿಚ್ಚಿಗೆ ಉತ್ತೆ."

ಚಿಕ್ಕವನ ಹೆಂಡತಿಯ ಕಡೆ ನೋಡಿದೆ. ಅವಳು ಓರಗಿತ್ತಿಯ ಪಕ್ಕದಲ್ಲಿ ನಿಂತಿದ್ದಳು! ಮಾತು ಬಿಟ್ಟಿದ್ದವರಿಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

ಸಾಹೇಬ ಟ್ಯಾಬ್‌ನಲ್ಲಿ ಕುಟ್ಟತೊಡಗಿದ. ನಾನು ಚಿಕ್ಕವನ ತೋಳು ಹಿಡಿದು ಕೊಟ್ಟಿಗೆಯ ಮರೆಗೆ ಎಳೆದೆ.

"ಏನ್ರೀ ಇದು ನಾಟಕ?"

"ಅತ್ತಿಗೆ ಮಧ್ಯಾಹ್ನ ಬಂದಿದ್ರು," ಎಂದ, ಸಣ್ಣಗೆ ನಗುತ್ತ. "ನನ್ನ ದಂಡ ಅವರೇ ಕಟ್ತಾರೆ. ವರ್ಷಾವರ್ಷ ಬರೋ ಹುಲ್ಲಿನ ದುಡ್ಡಲ್ಲಿ ಅರ್ಧ ನಮ್ಮ ಮನೆಗೆ. ಮೇವಿಗಾಗುತ್ತೆ, ಇರೋ ಹಸುಗಳಾದ್ರೂ ಉಳ್ಕೊಳ್ತವೆ. ನನಗೆ ಹೊಟ್ಟೆಕಿಚ್ಚು ಅಂತ ಊರಿಗೇ ಗೊತ್ತು, ಯಾರೂ ಅನುಮಾನ ಪಡಲ್ಲ. ಹಾಲಿಗೆ ಸಹಾಯಧನ ನಿಂತ್ರೆ ಏನಾಯ್ತು ಮೇಡಂ, ಹೊಟ್ಟೆಕಿಚ್ಚಿಗೆ ಸಿಕ್ತಲ್ಲ!"

ಎಲ್ಲರಿಗೂ ಒಳ್ಳೆಯದೇ. ಮನೆ ಉಳಿಯುತ್ತದೆ, ಹಸು ಉಳಿಯುತ್ತವೆ, ಓರಗಿತ್ತಿಯರು ಮಾತಾಡುತ್ತಾರೆ. ನಾನು ತುಟಿ ಪಿಟಕ್ಕೆನ್ನದೆ ಬಸ್ಸು ಹತ್ತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೇ ಮಾಡೋಣ ಎಂದುಕೊಂಡೇ ಅಂಗಳಕ್ಕೆ ಬಂದೆ, ಆಣೆಯಿಟ್ಟು ಹೇಳುತ್ತೇನೆ.

ಆದರೆ ಆಕಾಶ ಸಾಹೇಬ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಬಾಯಿ ಬಿಟ್ಟ.

"ನೋಡಿದ್ರಾ ಮೇಡಂ? ನಾನು ಬೆಳಿಗ್ಗೇನೇ ಹೇಳಿದ್ದೆ. ಮೇಲಿಂದ ನೋಡೋ ಕಣ್ಣು ತಪ್ಪಲ್ಲ." ದೊಡ್ಡವನ ಹೆಂಡತಿಯ ಕಡೆ ತಿರುಗಿದ. "ಇವರ ಫೀಸ್ ಕೊಟ್ಟು ಕಳ್ಸಿಬಿಡಿ ಅಮ್ಮ. ಪಾಪ, ವಯಸ್ಸಾದೋರು, ಮಣ್ಣಲ್ಲಿ ಒದ್ದಾಡಿದ್ದಾರೆ."

ಪಾಪ ಅಂತೆ! ವಯಸ್ಸಾದೋರು ಅಂತೆ!

ನನ್ನ ಕಿವಿ ಬಿಸಿಯಾಯಿತು. ಆ ಬಿಳಿ ಷೂ, ಆ ಕುರ್ಚಿ, ಆ ತಣ್ಣಗಿನ ನೀರು. ಸರಿಯಾಗಿ ಹುಡುಕಿದವಳು ನಾನು, ಶಭಾಷ್ ಅನ್ನಿಸಿಕೊಳ್ಳುವವನು ಅವನು.

ಅದೇ ಹೊತ್ತಿಗೆ ಕಂಬದ ಆಚೆಯಿಂದ ದೊಡ್ಡವನು ಹಲ್ಲು ಕಡಿದು ಗೊಣಗಿದ್ದು ಕೇಳಿಸಿತು: "ಇವನಂತೆ ಉತ್ತಿದ್ದು... ಇವನಂತೆ..."

"ಒಂದ್ನಿಮಿಷ," ಎಂದೆ. ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ. "ಸಾಹೇಬ್ರೇ, ತಪ್ಪೊಪ್ಪಿಗೆ ಯಾರು ಬೇಕಾದ್ರೂ ಕೊಡ್ತಾರೆ. ಉಳುಮೆ ಕೈಬರಹ ಇದ್ದ ಹಾಗೆ. ಪಕ್ಕದಲ್ಲಿ ಯೋಜನೆಗೆ ಸೇರದ ತುಂಡು ಇಳಿಜಾರು ಇದೆ. ಅಣ್ಣ ತಮ್ಮ ಇಬ್ಬರೂ ಒಂದೊಂದು ಸಾಲು ಉತ್ತು ತೋರಿಸ್ಲಿ. ನಿಮ್ಮ ಆಕಾಶದ ಫೋಟೋ ಪಕ್ಕದಲ್ಲಿ ಇಟ್ಟು ನೋಡಿ. ಆಮೇಲೆ ಬರೀರಿ."

ಸಾಹೇಬನಿಗೆ ಆಟ ಹಿಡಿಸಿತು. "ಅದಕ್ಕೇನಂತೆ? ನಡೀರಿ!" ಎಂದು ಎದ್ದ.

ದೊಡ್ಡವನ ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ನಾನು ಕಣ್ಣು ತಗ್ಗಿಸಿದೆ. ಆಗ ನನಗೆ ಅರಿವಾಯಿತು, ನಾನು ಏನು ಮಾಡಿಬಿಟ್ಟೆ ಅಂತ.

ಮೊದಲು ಚಿಕ್ಕವನು ಹತ್ತಿದ. ಮೈಯೆಲ್ಲ ಕಣ್ಣಾಗಿ, ನಾಲಿಗೆ ಕಚ್ಚಿಕೊಂಡು, ಇಳಿಜಾರಿಗೆ ಅಡ್ಡವಾಗಿ ಹೊಡೆದ. ಅರ್ಧದವರೆಗೆ ಪರವಾಗಿಲ್ಲ. ಆಮೇಲೆ ಟ್ರ್ಯಾಕ್ಟರ್ ಕೆಳಮುಖವಾಗಿ ಜಾರಿತು, ಎಳೆದು ಮೇಲೆ ತಂದ. ಸಾಲು ನಡುವೆ ಜೋತುಬಿತ್ತು.

ಸಾಹೇಬ ಫೋಟೋ ನೋಡಿದ, ಸಾಲು ನೋಡಿದ. "ಹತ್ತಿರ ಹತ್ತಿರ ಇದೆ. ಜನ ನೋಡ್ತಿದ್ರೆ ಕೈ ನಡುಗುತ್ತೆ, ಸಹಜ. ಇನ್ನು ಅಣ್ಣಂದು. ಅದು ಫೋಟೋಗಿಂತ ಬೇರೆ ಥರ ಇದ್ರೆ ಮುಗೀತು, ಸಹಿ ಹಾಕ್ತೀನಿ."

ಅಂದರೆ ದೊಡ್ಡವನು ಕೆಟ್ಟದಾಗಿ ಉತ್ತರೆ ಸಾಕು. ಒಂದೇ ಒಂದು ಸೊಟ್ಟ ಸಾಲು. ಮನೆ ಉಳಿಯಿತು.

ಹೆಂಡತಿ ಅವನ ಅಂಗಿಯ ತೋಳು ಹಿಡಿದಳು. "ನಿಮ್ಮ ಕಾಲಿಗೆ ಬೀಳ್ತೀನಿ. ಸೊಟ್ಟಗೆ ಉತ್ತುಬಿಡಿ. ಕಣ್ಣು ಮುಚ್ಕೊಂಡು ಉತ್ತುಬಿಡಿ."

"ಹ್ಞೂಂ," ಎಂದ ಅವನು. ನಿಜವಾಗಿಯೂ ಹ್ಞೂಂ ಅಂದ. ನಾನು ಉಸಿರು ಬಿಟ್ಟೆ.

ಟ್ರ್ಯಾಕ್ಟರಿನತ್ತ ಹೋಗುವಾಗ ತಮ್ಮನ ಸಾಲಿನ ಪಕ್ಕದಲ್ಲೇ ನಡೆದ. ನಡುವೆ ಜೋತುಬಿದ್ದ ಕಡೆ ನಿಂತ. ಕಾಲಿನಿಂದ ಒಂದು ಹೆಂಟೆ ತಳ್ಳಿದ.

"ಹೇಗಿದೆ ಅಣ್ಣ?" ಎಂದ ಚಿಕ್ಕವನು ಕೀಲಿ ಚಾಚುತ್ತ. ಹಾಗೆ ಕೇಳಬಾರದಿತ್ತು. ಗೆದ್ದವನ ದನಿ ಅದು, ದುಡ್ಡು ಮಾತಾಡಿಕೊಂಡ ಮೇಲೂ ತಡೆಯಲಾಗದೆ ಬಂದದ್ದು. "ಅಪ್ಪ ಇದ್ದಿದ್ರೆ ಇವತ್ತು ಊಟ ಬಿಡ್ತಿರಲಿಲ್ಲ, ಅಲ್ವಾ?"

ದೊಡ್ಡವನು ಕೀಲಿ ಕಿತ್ತುಕೊಂಡ. ಹತ್ತಿ ಕೂತ. ಎಂಜಿನ್ ಗುಡುಗಿತು.

ಆದರೆ ಹೊರಡಲಿಲ್ಲ. ಸೀಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಒಂದು ಕಣ್ಣು ಮುಚ್ಚಿ, ಇಳಿಜಾರಿನ ಆಚೆ ತುದಿಯಲ್ಲಿದ್ದ ಒಂಟಿ ಮರಕ್ಕೆ ಗುರಿ ಹಿಡಿದ. ಸೊಟ್ಟಗೆ ಉಳುವವನು ಯಾವ ಮರವನ್ನೂ ಹುಡುಕುವುದಿಲ್ಲ.

"ಮೇಡಂ, ನಿಲ್ಲಿಸಿ ಅವರನ್ನ!" ಎಂದು ಅವನ ಹೆಂಡತಿ ನನ್ನ ಕೈ ಹಿಡಿದು ಅಲುಗಾಡಿಸಿದಳು. "ನೀವೇ ಶುರುಮಾಡಿದ್ದು, ನೀವೇ ನಿಲ್ಲಿಸಿ!"

ಚಿಕ್ಕವನ ನಗು ಆರಿತ್ತು. ಅವನು ಕೈಯೆತ್ತಿ, "ಅಣ್ಣಾ, ಬೇಡ!" ಎಂದು ಕೂಗುತ್ತ ಟ್ರ್ಯಾಕ್ಟರಿನ ಮುಂದಕ್ಕೆ ಓಡಿದ.

ದೊಡ್ಡವನು ಅವನನ್ನು ನೋಡಲಿಲ್ಲ. ಮರವನ್ನೇ ನೋಡುತ್ತ ನೇಗಿಲನ್ನು ನೆಲಕ್ಕಿಳಿಸಿದ.